ಹಿತ್ತಿಲ ಕೊಟ್ಟಿಗೆಯ ಓಟದ ಕಾರು

‘ಸ್ಪೆಷಲ್’ ಎಂಬ ಮಾತು ನಮ್ಮಲ್ಲಿ ವಿಶೇಷಣವಾಗಿಯೇ ಬಳಕೆಯಲ್ಲಿದೆ: ಸ್ಪೆಷಲ್ ದೋಸೆ, ಸ್ಪೆಷಲ್ ರೈಲು, ಪರೀಕ್ಷೆ ಹತ್ತಿರ ಬಂದಾಗ ಸ್ಪೆಷಲ್ ಕ್ಲಾಸು. ಇಂಗ್ಲೆಂಡಿನ ಮೋಟಾರುಪ್ರಿಯರ ಬಾಯಲ್ಲಿ ಮಾತ್ರ ಅದು ನಾಮಪದವೇ ಆಗಿಬಿಟ್ಟಿದೆ. ‘ಅವನು ಒಂದು ಸ್ಪೆಷಲ್ ಕಟ್ಟಿದ್ದಾನೆ’ ಎಂದು ಅಲ್ಲಿ ಯಾರಾದರೂ ಹೇಳಿದರೆ, ಆತ ಹಳೆಯ ಕಾರೊಂದನ್ನು ಅಗ್ಗಕ್ಕೆ ಕೊಂಡು, ಅದರ ಹೊರಮೈಯನ್ನು ಕಿತ್ತುಹಾಕಿ, ಚೌಕಟ್ಟನ್ನೂ ಇಂಜಿನ್ನನ್ನೂ ತನಗೆ ತೋಚಿದಂತೆ ತಿದ್ದಿ, ಮನೆಯ ಹಿಂದಣ ಕೊಟ್ಟಿಗೆಯಲ್ಲಿಯೇ ಓಟದ ಗಾಡಿಯೊಂದನ್ನು ಮಾಡಿಕೊಂಡಿದ್ದಾನೆ ಎಂದು ಅರ್ಥ. ಹಾಗೆ ಮಾಡಿದವರು ಒಬ್ಬರಿಬ್ಬರಲ್ಲ, ಸಾವಿರಾರು ಮಂದಿ. ಅವರಲ್ಲಿ ಬಹುಪಾಲು ಜನರ ಹೆಸರು ಅವರ ಬೀದಿಯನ್ನು ದಾಟಿ ಹೋಗಲಿಲ್ಲ. ಎರಡು ಮೂರು ಹೆಸರುಗಳು ಮಾತ್ರ ಲೋಕಪ್ರಸಿದ್ಧವಾದವು.

ಇಂಥ ಕೈಕೆಲಸಕ್ಕೆ ಸಿಕ್ಕ ಗಾಡಿಗಳು ಹಲವು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕದ್ದು ‘ಆಸ್ಟಿನ್ ಸೆವೆನ್’ ಎಂಬ ಪುಟ್ಟ ಕಾರು. ಅದರ ಹುಟ್ಟಿನ ಕಥೆಯಲ್ಲಿ ಒಂದು ತೆರಿಗೆಯ ಪಾತ್ರವಿದೆ. ೧೯೨೧ರಲ್ಲಿ ಬ್ರಿಟಿಷ್ ಸರಕಾರ ಮೋಟಾರುಗಳ ಮೇಲೆ, ಅಶ್ವಶಕ್ತಿಗೆ ಒಂದು ಪೌಂಡಿನಂತೆ, ವರ್ಷವರ್ಷವೂ ತೆರಿಗೆ ಹಾಕಿತು. ಅಶ್ವಶಕ್ತಿಯನ್ನು ಅಳೆಯುವುದು ಹೇಗೆ? ಅದಕ್ಕೊಂದು ಸುಲಭ ಸೂತ್ರ. ಸಿಲಿಂಡರಿನ ಬಾಯಿಯ ಅಗಲವನ್ನು ಅಂಗುಲದಲ್ಲಿ ಅಳೆದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸುವುದು. ಪಿಸ್ಟನ್ನು ಎಷ್ಟು ಉದ್ದ ಚಲಿಸುತ್ತದೆ ಎಂಬ ಪ್ರಶ್ನೆಯೇ ಈ ಲೆಕ್ಕದಲ್ಲಿಲ್ಲ! ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂದು ಬಲ್ಲ ಇಂಗ್ಲಿಷ್ ಕಾರ್ಖಾನೆಗಳವರು, ಬಾಯಿ ಕಿರಿದಾಗಿ ಕೊರಳು ನೀಳವಾದ ಸಿಲಿಂಡರುಗಳನ್ನು ಮಾಡತೊಡಗಿದರು. ಆಸ್ಟಿನ್ ಸೆವೆನ್ನಿನ ಸಿಲಿಂಡರಿಗೆ ಅಗಲ ೨.೨ ಅಂಗುಲ, ಪಿಸ್ಟನ್ನಿನ ಚಲನೆ ೩ ಅಂಗುಲ; ನಾಲ್ಕು ಸಿಲಿಂಡರು ಕೂಡಿ ೭೪೭ ಘನ ಸೆಂಟಿಮೀಟರು. ಸೂತ್ರಕ್ಕೆ ಹಾಕಿ ನೋಡಿ, ಏಳೂಮುಕ್ಕಾಲು ಅಶ್ವಶಕ್ತಿ ಬರುತ್ತದೆ.

ಅದನ್ನು ಮಾಡಿದ ಹರ್ಬರ್ಟ್ ಆಸ್ಟಿನ್ ಆಗಲೇ ದೊಡ್ಡ ಯಜಮಾನ. ೧೯೦೫ರಲ್ಲಿ ಬರ್ಮಿಂಗ್‌ಹ್ಯಾಮಿನ ಹತ್ತಿರ ಲಾಂಗ್‌ಬ್ರಿಜ್ಜಿನಲ್ಲಿ ಕಾರ್ಖಾನೆ ತೆರೆದಿದ್ದವನು. ಆದರೆ ೧೯೨೧ರ ಹೊತ್ತಿಗೆ ಅವನ ಕಂಪೆನಿ ಸಾಲದಲ್ಲಿ ಮುಳುಗಿ, ಸಾಲಗಾರರ ಪರವಾಗಿ ನೇಮಕವಾದ ಅಧಿಕಾರಿಯ ಕೈಗೆ ಹೋಗಿತ್ತು. ಪುಟ್ಟ ಕಾರಿನ ಯೋಚನೆ ಜೊತೆಯ ನಿರ್ದೇಶಕರಿಗೆ ರುಚಿಸಲಿಲ್ಲ. ಆಸ್ಟಿನ್ ಏನು ಮಾಡಿದ? ಕಾರ್ಖಾನೆಯ ನಕ್ಷೆಗಾರರ ಕೊಠಡಿಯಿಂದ ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹುಡುಗನನ್ನು ಆರಿಸಿ, ತನ್ನ ಮನೆಗೇ ಕರೆದುಕೊಂಡು ಹೋದ. ಲಿಕ್ಕಿ ಗ್ರೇಂಜ್ ಎಂಬ ಆ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ ಇಬ್ಬರೂ ಕೂತು ನಕ್ಷೆ ಎಳೆದರು. ನಾಲ್ಕು ಸಿಲಿಂಡರು ಇರಲಿ ಎಂದು ಯಜಮಾನನನ್ನು ಒಪ್ಪಿಸಿದವನು ಆ ಹುಡುಗನೇ. ಮನೆಗಳಲ್ಲಿ ಬಿಚ್ಚಿ ಕಟ್ಟಿಸಿಕೊಳ್ಳಬೇಕೆಂದು ಹಣೆಯಲ್ಲಿ ಬರೆದಿದ್ದ ಕಾರು ತಾನೂ ಮನೆಯಲ್ಲಿಯೇ ಹುಟ್ಟಿತೆಂಬುದು ಸೋಜಿಗ. ೧೯೨೨ರಲ್ಲಿ ಹೊರಬಂದ ಅದು ೧೯೩೯ರವರೆಗೆ ನಡೆಯಿತು. ಒಟ್ಟು ಸುಮಾರು ೨,೯೦,೦೦೦ ಗಾಡಿಗಳು ತಯಾರಾದವು.

ಈ ಗಾಡಿಯ ಚೌಕಟ್ಟು ಎರಡು ಉಕ್ಕಿನ ತೊಲೆಗಳು ಮುಂದೆ ಕೂಡಿ, ಹಿಂದೆ ಅಗಲಿ, ಇಂಗ್ಲಿಷಿನ ‘ಎ’ ಅಕ್ಷರದಂತೆ ಕಾಣುತ್ತಿತ್ತು. ಮುಂದೆ ಅಡ್ಡಲಾಗಿ ಒಂದು ಕಮಾನುಪಟ್ಟಿ, ಹಿಂದೆ ಚೌಕಟ್ಟಿನ ತುದಿಯಿಂದ ಚಾಚಿದ ಎರಡು ಅರೆಗಮಾನುಗಳು. ವಾಲ್ವುಗಳು ಸಿಲಿಂಡರುಗಳ ಪಕ್ಕದಲ್ಲಿದ್ದುದರಿಂದ ತಲೆಯ ಮುಚ್ಚಳವೆಂಬುದು ಬರಿಯ ಒಂದು ಎರಕದ ತುಂಡು. ನಟ್ಟುಗಳನ್ನು ಬಿಚ್ಚಿದರೆ ಪಾತ್ರೆಯ ಮುಚ್ಚಳದಂತೆ ಎತ್ತಬಹುದಾಗಿತ್ತು. ಇಂಜಿನ್ನನ್ನೇ ಇಬ್ಬರು ಹಿಡಿದು ಹೊರಗಿಡಬಹುದಾಗಿತ್ತು. ಕ್ರ್ಯಾಂಕ್ ಶಾಫ್ಟಿಗೆ ಬಹುಕಾಲ ಎರಡು ತುದಿಗಳಲ್ಲಿ ಮಾತ್ರ ಬೇರಿಂಗು. ನಡುವಿನ ಮೂರನೆಯದು ಬಂದದ್ದು ೧೯೩೬ರಲ್ಲಿ. ವೇಗವಾಗಿ ತಿರುಗಿದಾಗ ನಡು ಬಾಗುತ್ತಿತ್ತಾಗಿ, ಅದನ್ನು ಹುಡುಗಿಯರು ಆಡುವ ಹಗ್ಗದಾಟಕ್ಕೆ ಹೋಲಿಸಿ ನಗುವವರಿದ್ದರು. ಬ್ರೇಕುಗಳ ವಿಷಯ ಹೇಳುವುದೇ ಬೇಡ. ಆರಂಭದ ಗಾಡಿಗಳಲ್ಲಿ ಕೈಸನ್ನೆ ಮುಂದಿನ ಗಾಲಿಗಳಿಗೆ, ಪೆಡಲು ಹಿಂದಿನ ಗಾಲಿಗಳಿಗೆ ಎಂದು ಬೇರೆ ಬೇರೆಯಾಗಿದ್ದವು. ತುಳಿದವನಿಗೆ ನಾಮಸ್ಮರಣೆಗೆ ಬೇಕಾದಷ್ಟು ಅವಕಾಶ ಸಿಗುತ್ತಿತ್ತು.

ಇಂಥದ್ದು ಓಟಕ್ಕೆ ಹೋಯಿತೆಂದರೆ ನಂಬುವುದು ಕಷ್ಟ. ಆದರೂ ಹೋಯಿತು. ೧೯೨೩ರಲ್ಲಿ ಆಸ್ಟಿನ್ನನ ಅಳಿಯ ಆರ್ಥರ್ ವೇಟ್ ಇಟಲಿಯ ಮೋಂಜಾದಲ್ಲಿ ಪುಟ್ಟ ಗಾಡಿಗಳ ಪಂದ್ಯ ಗೆದ್ದ. ೧೯೩೦ರಲ್ಲಿ ಬ್ರೂಕ್‌ಲ್ಯಾಂಡ್ಸಿನ ಐನೂರು ಮೈಲಿಯ ಪಂದ್ಯವನ್ನು, ದೊಡ್ಡ ದೊಡ್ಡ ಗಾಡಿಗಳ ನಡುವೆ, ಸ್ಯಾಮಿ ಡೇವಿಸ್ ಮತ್ತು ಅರ್ಲ್ ಆಫ್ ಮಾರ್ಚ್ ಸೆವೆನ್ನಿನಲ್ಲಿಯೇ ಗೆದ್ದರು. ಸರಾಸರಿ ವೇಗ ಗಂಟೆಗೆ ೮೩ ಮೈಲಿಗೂ ಮೇಲೆ. ಕಾರ್ಖಾನೆಯೇ ‘ಅಲ್ಸ್ಟರ್’ ಎಂಬ ಹೆಸರಿನ ಕ್ರೀಡಾಮಾದರಿಯನ್ನು ಮಾರಿತು. ಅದನ್ನು ಕೊಳ್ಳುವ ಶಕ್ತಿಯಿಲ್ಲದವರು ಏನು ಮಾಡಬೇಕು? ತಮ್ಮ ಹಳೆಯ ಕುಟುಂಬದ ಕಾರನ್ನೇ ಅಲ್ಸ್ಟರ್ ಮಾಡಿಕೊಳ್ಳಬೇಕು. ಸ್ಪೆಷಲ್ ಕಟ್ಟುವವರ ಮತ ಹುಟ್ಟಿದ್ದು ಹೀಗೆ.

ಇನ್ನೊಂದು ಕವಲನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ೧೯೨೭ರಲ್ಲಿ ಬ್ಲ್ಯಾಕ್‌ಪೂಲಿನಲ್ಲಿ ಮೋಟಾರು ಸೈಕಲ್ಲಿನ ಪಕ್ಕದ ಪೆಟ್ಟಿಗೆಗಳನ್ನು ಮಾಡುತ್ತಿದ್ದ ವಿಲಿಯಂ ಲಯನ್ಸ್ ಎಂಬಾತ ಸೆವೆನ್ನಿನ ಮೇಲೆ ಸುಂದರವಾದ ಹೊಸ ಮೈಯನ್ನು ಕೂಡಿಸಿ ಮಾರತೊಡಗಿದ. ಆ ಸಣ್ಣ ಅಂಗಡಿಯೇ ಬೆಳೆದು ಜಾಗ್ವಾರ್ ಆಯಿತು. ೨೦೦೮ರಲ್ಲಿ ಅದು ನಮ್ಮ ಟಾಟಾ ಮೋಟಾರ್ಸಿನ ವಶಕ್ಕೆ ಬಂತು.

ಸರಿ, ಮನೆಯಲ್ಲಿ ಕಟ್ಟುವವನು ಏನೇನು ಮಾಡುತ್ತಿದ್ದ? ಮೊದಲು ಮೈಯನ್ನು ಕಳಚುವುದು. ಭಾರ ಇಳಿದರೆ ಅದೇ ಅರ್ಧ ಗೆಲುವು. ಮುಂದಿನ ಕಮಾನುಪಟ್ಟಿಯ ಬಾಗನ್ನು ತಗ್ಗಿಸಿ ಗಾಡಿಯನ್ನು ನೆಲಕ್ಕೆ ಹತ್ತಿರ ತರುವುದು. ಧೈರ್ಯವಿದ್ದವರು ಮುಂದಿನ ಆಕ್ಸಲನ್ನು ನಡುವೆ ಕತ್ತರಿಸಿ ಕೀಲು ಹಾಕಿ, ಎರಡು ಗಾಲಿಗಳೂ ಬೇರೆ ಬೇರೆಯಾಗಿ ಏಳುಬೀಳುವಂತೆ ಮಾಡುತ್ತಿದ್ದರು. ಲೆಸ್ಲಿ ಬೆಲಮಿ ಎಂಬಾತ ಇಂಥ ಸೀಳು ಆಕ್ಸಲುಗಳಿಗೆ ಹೆಸರಾಗಿದ್ದ. ಬಳಿಕ ಇಂಜಿನ್ನು. ತಲೆಯ ಮುಚ್ಚಳದ ತಳವನ್ನು ಕೆತ್ತಿಸಿ ತೆಳ್ಳಗೆ ಮಾಡಿದರೆ ಉರಿಯುವ ಕೋಶ ಕಿರಿದಾಗಿ ಒತ್ತಡ ಹೆಚ್ಚುತ್ತದೆ. ಗಾಳಿ ಬರುವ ದಾರಿಯನ್ನು ಅರದಿಂದ ಉಜ್ಜಿ ನುಣುಪು ಮಾಡುವುದು, ಬಿಗಿಯಾದ ವಾಲ್ವು ಸ್ಪ್ರಿಂಗು, ದೊಡ್ಡ ಕಾರ್ಬ್ಯುರೇಟರು. ಹೀಗೆ ವೇಗ ಹೆಚ್ಚಿಸುವ ಕೆಲಸಕ್ಕೆ ಕೊನೆಯಿರಲಿಲ್ಲ. ಬ್ರೇಕಿನ ಕೆಲಸವನ್ನು ಮಾತ್ರ ಅನೇಕರು ಮುಂದಿನ ತಿಂಗಳಿಗೆ ಎಂದು ತಳ್ಳುತ್ತಿದ್ದರು. ಓಡುವ ವಿದ್ಯೆಗಿಂತ ಮೊದಲು ನಿಲ್ಲುವ ವಿದ್ಯೆಯನ್ನು ಕಲಿತವರೇ ಇವರಲ್ಲಿ ಜಾಣರೆಂದು ನನ್ನ ಎಣಿಕೆ. ಅಂಥವರು ಬೇರೆ ಕಾರುಗಳಿಂದ ಹೈಡ್ರಾಲಿಕ್ ಬ್ರೇಕುಗಳನ್ನು ತಂದು ಹೊಂದಿಸುತ್ತಿದ್ದರು.

ಈ ಪಂಥದ ಮೊದಲ ಮಹಾಕೃತಿ ಎಂದು ನಾನು ಕರೆಯುವುದು ಅಲೆಕ್ ಇಸಿಗೋನಿಸ್ ಮತ್ತು ಅವನ ಗೆಳೆಯ ಜಾರ್ಜ್ ಡೌಸನ್ ಕೂಡಿ ಕಟ್ಟಿದ ‘ಲೈಟ್‌ವೇಟ್ ಸ್ಪೆಷಲ್’ ಅನ್ನು. ಇಸಿಗೋನಿಸ್ ೧೯೦೬ರಲ್ಲಿ, ಇಂದು ಟರ್ಕಿಯಲ್ಲಿರುವ ಸ್ಮರ್ನಾ ಪಟ್ಟಣದಲ್ಲಿ ಹುಟ್ಟಿ, ಯುದ್ಧದ ಗಲಭೆಯಲ್ಲಿ ಇಂಗ್ಲೆಂಡಿಗೆ ಬಂದವನು. ಲಂಡನ್ನಿನ ಬ್ಯಾಟರ್‌ಸೀ ಪಾಲಿಟೆಕ್ನಿಕ್ಕಿನಲ್ಲಿ ಓದಿದ. ಗಣಿತದಲ್ಲಿ ಮೂರು ಸಲ ನಪಾಸಾದ. (ನನ್ನ ವಿದ್ಯಾರ್ಥಿಗಳು ಇದೊಂದು ವಾಕ್ಯವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆಂಬ ಭಯವಿದ್ದರೂ, ನಿಜವನ್ನು ಮರೆಮಾಚುವಂತಿಲ್ಲ.) ಅವನ ಬಳಿ ಒಂದು ಅಲ್ಸ್ಟರ್ ಇತ್ತು. ಮೊದಲು ಅದನ್ನೇ ತಿದ್ದಿದ. ತಿದ್ದಿ ತಿದ್ದಿ, ಇನ್ನು ತಿದ್ದುವುದಕ್ಕಿಂತ ಹೊಸದಾಗಿ ಕಟ್ಟುವುದೇ ಮೇಲೆಂದು ಕಂಡಿತು. ಇಬ್ಬರೂ ಹಗಲು ತಮ್ಮ ತಮ್ಮ ಉದ್ಯೋಗ ನೋಡಿಕೊಂಡು, ಬಿಡುವಿನ ವೇಳೆಯಲ್ಲಿ ಕೈ ಉಪಕರಣಗಳಿಂದಲೇ ದುಡಿದರು. ಹಲಗೆಯ ಎರಡು ಮುಖಗಳಿಗೂ ಅಲ್ಯುಮಿನಿಯಂ ತಗಡು ಅಂಟಿಸಿದ ಪ್ಲೈವುಡ್ಡಿನಿಂದ ಮೈಯನ್ನು ಮಾಡಿ, ಆ ಮೈಯೇ ಚೌಕಟ್ಟಿನ ಕೆಲಸವನ್ನೂ ಮಾಡುವಂತೆ ಕೂಡಿಸಿದರು. ಉಕ್ಕಿನ ಕಮಾನುಗಳ ಬದಲು ರಬ್ಬರು. ಇಂಜಿನ್ನು ಆಸ್ಟಿನ್ ಸೆವೆನ್ನಿನದೇ. ೧೯೩೩ರ ಸುಮಾರಿಗೆ ಹಿಡಿದ ಕೆಲಸ ಮುಗಿದದ್ದು ೧೯೩೮ರಲ್ಲಿ. ಪ್ರೆಸ್ಕಾಟ್ ಮೊದಲಾದ ಗುಡ್ಡದ ಏರುಪಂದ್ಯಗಳಲ್ಲಿ ಅದು ತನಗಿಂತ ಬಲವಾದ ಗಾಡಿಗಳ ಜೊತೆ ಸೆಣಸಿತು.

ಇದೇ ಇಸಿಗೋನಿಸ್ ಮುಂದೆ ‘ಮಿನಿ’ ಕಾರನ್ನು ರೂಪಿಸಿದ; ಅದು ಲೋಕಕ್ಕೆ ಕಂಡದ್ದು ೧೯೫೯ರ ಆಗಸ್ಟಿನಲ್ಲಿ. ಅದರ ಗಾಲಿಗಳೂ ರಬ್ಬರಿನ ಮೇಲೆಯೇ ತೂಗುತ್ತಿದ್ದವು. ಆ ರಬ್ಬರು ಬೇರೊಬ್ಬ ತಜ್ಞನಾದ ಅಲೆಕ್ಸ್ ಮೋಲ್ಟನ್ನನ ಕೆಲಸವೆಂಬುದನ್ನೂ ಹೇಳಬೇಕು. ಆದರೂ ಕೊಟ್ಟಿಗೆಯಲ್ಲಿ ಐದು ವರ್ಷ ಕೈಯಿಂದ ಕಲಿತದ್ದು ಕಾರ್ಖಾನೆಗೂ ಹಿಂಬಾಲಿಸಿ ಬಂತೆಂದರೆ ತಪ್ಪಾಗದು.

ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಹೊಸ ಕಾರು ಸಿಗುವುದು ಅಪರೂಪವಾಯಿತು. ದೇಶದ ಸಾಲ ತೀರಿಸಲು ತಯಾರಾದ ಗಾಡಿಗಳಲ್ಲಿ ಹೆಚ್ಚಿನವು ಹಡಗು ಹತ್ತುತ್ತಿದ್ದವು. ಪೆಟ್ರೋಲು ಪಡಿತರದಲ್ಲಿ. ಆದರೆ ಯುದ್ಧದಲ್ಲಿ ಯಂತ್ರವಿದ್ಯೆ ಕಲಿತು ಮನೆಗೆ ಮರಳಿದ ಯುವಕರು ಊರೂರಿನಲ್ಲಿದ್ದರು. ಮುರುಕಲು ಸೆವೆನ್ನುಗಳು ಗುಜರಿಯಲ್ಲಿ ಅಗ್ಗಕ್ಕೆ ದೊರೆಯುತ್ತಿದ್ದವು. ೧೯೩೯ರಲ್ಲಿಯೇ ‘ಮೋಟಾರ್ ಸ್ಪೋರ್ಟ್’ ಪತ್ರಿಕೆಯ ಬಿಲ್ ಬಾಡಿ ಮೊದಲಾದವರು ಕೂಡಿ, ಸೆವೆನ್ ಪ್ರಿಯರಿಗಾಗಿ ‘೭೫೦ ಮೋಟಾರ್ ಕ್ಲಬ್’ ಕಟ್ಟಿದ್ದರು. ಯುದ್ಧದ ನಂತರ ಹಾಲೆಂಡ್ ಬರ್ಕೆಟ್ ಎಂಬ ಪಶುವೈದ್ಯನ ಉತ್ಸಾಹದಿಂದ ಅದಕ್ಕೆ ಹೊಸ ಜೀವ ಬಂತು. ಸೆವೆನ್ನಿನ ಚೌಕಟ್ಟು, ಸೆವೆನ್ನಿನ ಇಂಜಿನ್ನು ಇರಲೇಬೇಕೆಂಬ ಕಟ್ಟಳೆಯೊಡನೆ ೧೯೫೦ರಿಂದ ಪಂದ್ಯಗಳು ನಡೆದವು. ಹಣವಂತನ ಪಂದ್ಯವಾಗಿದ್ದ ಮೋಟಾರು ಓಟ ಗುಮಾಸ್ತನ ಕೈಗೂ ಎಟುಕಿತು. ಜ್ಯಾಕ್ ಫ್ರೆಂಚ್ ಎಂಬ ಸದಸ್ಯ ತಾನು ಕಟ್ಟಿದ ಗಾಡಿಗೆ ‘ಸಿಂಪ್ಲಿಸಿಟಿ’, ಎಂದರೆ ಸರಳತೆ, ಎಂದೇ ಹೆಸರಿಟ್ಟ. ಅದನ್ನು ನೋಡಿ ಎಷ್ಟೋ ಜನ ಕಟ್ಟಿದರು.

ಕಾಲಿನ್ ಚಾಪ್‌ಮನ್ ಬಂದದ್ದು ಈ ಗುಂಪಿನಿಂದ. ೧೯೨೮ರಲ್ಲಿ ಹುಟ್ಟಿದ ಆತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತ, ಗೆಳೆಯನೊಬ್ಬನ ಜೊತೆ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರ ನಡೆಸುತ್ತಿದ್ದ. ೧೯೪೭ರ ಕೊನೆಯಲ್ಲಿ ಸರಕಾರ ಖಾಸಗಿ ಓಡಾಟದ ಪೆಟ್ರೋಲನ್ನೇ ನಿಲ್ಲಿಸಿತು. ಕಾರು ಕೇಳುವವರಿಲ್ಲದೆ ವ್ಯಾಪಾರ ಮಗುಚಿತು. ಮಾರಾಟವಾಗದೆ ಕೈಯಲ್ಲಿ ಉಳಿದದ್ದು ಒಂದು ಹಳೆಯ ಆಸ್ಟಿನ್ ಸೆವೆನ್. ಆತನ ಗೆಳತಿ, ಮುಂದೆ ಹೆಂಡತಿಯಾದ ಹೇಜ಼ಲ್ ವಿಲಿಯಮ್ಸಳ ತಂದೆತಾಯಿಗಳ ಮನೆ ಮಸ್‌ವೆಲ್ ಹಿಲ್ಲಿನಲ್ಲಿತ್ತು. ಅದರ ಹಿಂದಿನ ಗ್ಯಾರೇಜಿನಲ್ಲಿ ೧೯೪೮ರಲ್ಲಿ ಅದನ್ನು ಬಿಚ್ಚಿದ. ಕಟ್ಟಡದ ತೊಲೆಗಳ ಲೆಕ್ಕ ಕಲಿತಿದ್ದವನು ಆ ಲೆಕ್ಕವನ್ನು ಕಾರಿನ ಮೈಗೆ ಹಾಕಿದ; ಅಲ್ಯುಮಿನಿಯಂ ಹೊದೆಸಿದ ಪ್ಲೈವುಡ್ಡಿನಿಂದ ಪೆಟ್ಟಿಗೆಯಂತೆ ಬಿಗಿಯಾದ ಮೈ ಮಾಡಿದ. ಭಾವಿ ಮಾವನ ಮನೆಯ ಗ್ಯಾರೇಜಿನಲ್ಲಿ ಅಳಿಯನಾಗಬೇಕಾದವನು ದಿನವೂ ಗರಗಸ ಎಳೆಯುತ್ತಿದ್ದರೆ ಮನೆಯವರು ಹೇಗೆ ಸಹಿಸಿದರೋ! ಕೆಸರಿನ ಏರುದಾರಿಗಳ ಪಂದ್ಯಕ್ಕಾಗಿ ಮಾಡಿದ ಆ ಗಾಡಿಗೆ ‘ಲೋಟಸ್’, ಕಮಲ, ಎಂದು ಹೆಸರಿಟ್ಟ. ಅದೇ ಲೋಟಸ್ ಮಾರ್ಕ್ ಒಂದು.

ಮೂರನೆಯ ಗಾಡಿಯ ಕಥೆಯಲ್ಲಿ ಕಲಿಯಬೇಕಾದ ಯಂತ್ರಸೂಕ್ಷ್ಮವೊಂದಿದೆ. ಸೆವೆನ್ನಿನ ಇಂಜಿನ್ನಿನಲ್ಲಿ ಸಿಲಿಂಡರು ನಾಲ್ಕು, ಆದರೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಗೆ ಬರುವ ಬಾಯಿಗಳು ಎರಡೇ. ಅಕ್ಕಪಕ್ಕದ ಎರಡೆರಡು ಸಿಲಿಂಡರುಗಳಿಗೆ ಒಂದೊಂದು. ಬೀದಿಯ ಒಂದೇ ನಲ್ಲಿಗೆ ಎರಡು ಮನೆಯವರು ಒಟ್ಟಿಗೆ ಕೊಡ ಹಿಡಿದರೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತಿತ್ತು. ಜೋಡಿಯ ಸಿಲಿಂಡರುಗಳು ಒಂದರ ಹಿಂದೆ ಒಂದು ಉಸಿರೆಳೆಯುವಾಗ ಒಬ್ಬರ ಪಾಲನ್ನು ಇನ್ನೊಬ್ಬರು ಕದಿಯುತ್ತಿದ್ದರು. ೧೯೫೧ರಲ್ಲಿ ವುಡ್ ಗ್ರೀನಿನ ಮೈಕೇಲ್ ಮತ್ತು ನೈಜೆಲ್ ಅಲೆನ್ ಎಂಬ ಸೋದರರ ಮನೆಯ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಚಾಪ್‌ಮನ್, ಪ್ರತಿ ಬಾಯಿಯ ನಡುವೆ ಒಂದು ಗೋಡೆ ನಿಲ್ಲಿಸಿ, ನಾಲ್ಕು ಸಿಲಿಂಡರುಗಳಿಗೂ ನಾಲ್ಕು ಬೇರೆ ದಾರಿಗಳನ್ನು ಮಾಡಿಬಿಟ್ಟ. ಅಷ್ಟೇ. ಆ ವರ್ಷ ೭೫೦ ಪಂದ್ಯಗಳಲ್ಲಿ ಮಿಕ್ಕವರಿಗೆ ಅವನ ಬೆನ್ನು ಕಾಣುವುದೂ ಕಷ್ಟವಾಯಿತು. ಕ್ಲಬ್ಬಿನವರು ಕಟ್ಟಳೆ ತಿದ್ದಿ ಆ ಗೋಡೆಯನ್ನು ನಿಷೇಧಿಸಿದರು.

ಇದು ನ್ಯಾಯವೆ? ಅಗ್ಗದ ಪಂದ್ಯ ಅಗ್ಗವಾಗಿ ಉಳಿಯಬೇಕಾದರೆ ಒಬ್ಬನ ಜಾಣತನ ಎಲ್ಲರ ಖರ್ಚಾಗಬಾರದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಕಟ್ಟಳೆಯ ಸಂದುಗಳನ್ನು ಹುಡುಕುವ ಕಣ್ಣು ಚಾಪ್‌ಮನ್ನನಿಗೆ ಈ ಗ್ಯಾರೇಜಿನಲ್ಲಿಯೇ ತೆರೆಯಿತು. ಮುಂದೆ ಅದು ಅವನಿಗೆ ಕೀರ್ತಿಯನ್ನೂ ತಂದಿತು, ಜಗಳಗಳನ್ನೂ ತಂದಿತು. ೧೯೫೨ರಲ್ಲಿ, ಹೇಜ಼ಲ್ ಕೊಟ್ಟ ಇಪ್ಪತ್ತೈದು ಪೌಂಡಿನ ನೆರವಿನಿಂದ, ಹಾರ್ನ್ಸೀಯಲ್ಲಿ ತಂದೆ ನಡೆಸುತ್ತಿದ್ದ ರೈಲ್ವೆ ಹೋಟೆಲಿನ ಹಿಂದಿನ ಹಳೆಯ ಕುದುರೆಲಾಯದಲ್ಲಿ ಕಂಪೆನಿ ತೆರೆದ. ೧೯೫೭ರ ‘ಲೋಟಸ್ ಸೆವೆನ್’ ಕಾರನ್ನು ಬಿಡಿ ಭಾಗಗಳ ಕಟ್ಟಾಗಿಯೇ ಮಾರಿದ. ಇಡೀ ಕಾರಿಗೆ ಖರೀದಿ ತೆರಿಗೆಯಿತ್ತು, ಬಿಡಿ ಭಾಗಗಳಿಗೆ ಇರಲಿಲ್ಲ. ಜೋಡಿಸುವ ವಿಧಾನವನ್ನು ಬರೆದು ಕೊಡಬಾರದೆಂದು ಕಾನೂನಿದ್ದುದರಿಂದ, ಬಿಚ್ಚುವ ವಿಧಾನವನ್ನು ಬರೆದು ಕೊಟ್ಟು ಅದನ್ನು ಹಿಂದುಮುಂದಾಗಿ ಓದಿಕೊಳ್ಳಿ ಎಂದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ೧೯೬೩ರಿಂದ ೧೯೭೮ರವರೆಗೆ ಲೋಟಸ್ ಏಳು ಸಲ ಫಾರ್ಮುಲಾ ಒಂದರ ತಯಾರಕರ ವಿಶ್ವಪ್ರಶಸ್ತಿ ಗೆದ್ದಿತು. ಚಾಪ್‌ಮನ್ ೧೯೮೨ರಲ್ಲಿ ತೀರಿಕೊಂಡ.

ಭೂಮಿಯ ಇನ್ನೊಂದು ಕೊನೆಯಲ್ಲಿ, ನ್ಯೂಜ಼ಿಲೆಂಡಿನ ಆಕ್ಲೆಂಡಿನಲ್ಲಿ, ಬ್ರೂಸ್ ಮೆಕ್‌ಲಾರೆನ್ ಎಂಬ ಹುಡುಗನಿದ್ದ. ಚಿಕ್ಕಂದಿನಲ್ಲಿ ಸೊಂಟದ ಕೀಲಿನ ರೋಗ ಬಂದು ಎರಡು ವರ್ಷದಷ್ಟು ಕಾಲ ಹಾಸಿಗೆ ಹಿಡಿದಿದ್ದವನು. ಗ್ಯಾರೇಜು ಇಟ್ಟಿದ್ದ ತಂದೆ ೧೯೨೯ರ ಅಲ್ಸ್ಟರ್ ಒಂದನ್ನು, ಸರಿಪಡಿಸಿ ಲಾಭಕ್ಕೆ ಮಾರೋಣವೆಂದು, ಬಿಡಿ ಭಾಗಗಳ ರೂಪದಲ್ಲಿ ತಂದ. ಮಗ ಮಾರಬೇಡವೆಂದು ಹಟ ಹಿಡಿದ. ತಂದೆಮಕ್ಕಳು ಕೂಡಿ ಕಟ್ಟಿದರು. ಮನೆಯ ಹಿತ್ತಿಲ ಹಣ್ಣಿನ ಮರಗಳನ್ನು ಸುತ್ತಿ ಎಂಟರ ಆಕಾರದ ದಾರಿ ಮಾಡಿಕೊಂಡು ಹುಡುಗ ಅಭ್ಯಾಸ ಮಾಡಿದ; ಹದಿಹರೆಯದಲ್ಲಿಯೇ ಮುರಿವಾಯ್ ಎಂಬಲ್ಲಿ ಏರುಪಂದ್ಯಕ್ಕೆ ಇಳಿದ. ೧೯೫೯ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅಮೆರಿಕದ ಸೀಬ್ರಿಂಗಿನಲ್ಲಿ ಗ್ರಾಂಡ್ ಪ್ರಿ ಗೆದ್ದ. ೧೯೬೩ರಲ್ಲಿ ತನ್ನದೇ ತಂಡ ಕಟ್ಟಿದ. ೧೯೭೦ರ ಜೂನ್ ೨ರಂದು ಗುಡ್‌ವುಡ್ಡಿನಲ್ಲಿ ಹೊಸ ಗಾಡಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ಸತ್ತ. ಮೂವತ್ತೆರಡು ವರ್ಷ.

ಮನೆಯ ಸ್ಪೆಷಲ್ಲುಗಳ ಭರದ ಕಾಲ ಐವತ್ತರ ದಶಕ. ಆ ದಶಕದ ನಡುವಿನಲ್ಲಿ ಫೈಬರ್ ಗ್ಲಾಸಿನ ಸಿದ್ಧ ಮೈಗಳು ಅಂಗಡಿಗೆ ಬಂದವು. ತಗಡು ಬಡಿಯಲು ಬಾರದವನೂ ಒಂದು ಮೈ ಕೊಂಡು ಸೆವೆನ್ನಿನ ಮೇಲೆ ಕೂಡಿಸಬಹುದಾಯಿತು. ೧೯೬೦ರಲ್ಲಿ ಹತ್ತು ವರ್ಷ ಮೀರಿದ ಕಾರುಗಳಿಗೆ ಸರಕಾರಿ ತಪಾಸಣೆ ಬಂತು. ಬ್ರೇಕಿನ ಕೆಲಸವನ್ನು ಮುಂದಿನ ತಿಂಗಳಿಗೆ ತಳ್ಳಿದ್ದವರ ಗಾಡಿಗಳು ಅಲ್ಲಿ ಬಿದ್ದವು. ಅಷ್ಟರಲ್ಲಿ ಮಿನಿ ಬಂದಿತ್ತು. ಗುಜರಿಯ ಸೆವೆನ್ನುಗಳೂ ತೀರುತ್ತ ಬಂದಿದ್ದವು.

ಈಗ ಕಾಲಚಕ್ರ ತಿರುಗಿದೆ. ಹಳೆಯ ಸೆವೆನ್ ಇಂದು ಜೋಪಾನದ ವಸ್ತು. ಸ್ಪೆಷಲ್ ಒಂದು ಕೈಗೆ ಸಿಕ್ಕರೆ ಕೆಲವರು ಅದರ ಮನೆಗೆಲಸದ ಮೈಯನ್ನು ಕಿತ್ತು, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಲು ಹೊರಡುತ್ತಾರೆ. ಅವರ ಮಾತಿನಲ್ಲಿಯೂ ಹುರುಳಿದೆ. ಸ್ಪೆಷಲ್ ಕಟ್ಟಿದವರು ಎಷ್ಟೋ ಒಳ್ಳೆಯ ಮೂಲ ಮೈಗಳನ್ನು ಸೌದೆಯಂತೆ ಎಸೆದಿದ್ದು ಸುಳ್ಳಲ್ಲ.

ಓಲೆಗರಿಗಳ ಕಟ್ಟುಗಳನ್ನು ಬಿಚ್ಚಿ ಓದುವ ವಿದ್ಯೆಯನ್ನು ಸ್ವಲ್ಪ ಕಲಿತ ನನಗೆ ಈ ತಕರಾರು ಪರಿಚಿತವಾದದ್ದು. ಕವಿಯ ಮೂಲಪಾಠ ಯಾವುದು, ಲಿಪಿಕಾರ ಸೇರಿಸಿದ ಪ್ರಕ್ಷಿಪ್ತ ಯಾವುದು ಎಂದು ಬೇರ್ಪಡಿಸುವುದು ಸಂಪಾದಕನ ಧರ್ಮ. ಆದರೆ ಪ್ರಕ್ಷಿಪ್ತವೆಂದು ಕಂಡ ಪದ್ಯವನ್ನು ಒಳ್ಳೆಯ ಸಂಪಾದಕ ಸುಡುವುದಿಲ್ಲ. ಪುಟದ ಅಡಿಯಲ್ಲಿಯೋ ಅನುಬಂಧದಲ್ಲಿಯೋ ಅಚ್ಚು ಹಾಕುತ್ತಾನೆ. ಯಾಕೆಂದರೆ ಯಾವ ಕಾಲದ ಓದುಗ ಏನನ್ನು ಬಯಸಿದ ಎಂಬುದಕ್ಕೆ ಅದೇ ಸಾಕ್ಷಿ. ಕಾರಿಗೆ ಅಡಿಟಿಪ್ಪಣಿ ಹಾಕುವ ಹಾಗಿಲ್ಲವಲ್ಲ! ಒಂದೇ ಚೌಕಟ್ಟಿನ ಮೇಲೆ ಎರಡು ಮೈಗಳು ನಿಲ್ಲಲಾರವು. ಒಂದನ್ನು ಉಳಿಸಿದರೆ ಇನ್ನೊಂದು ಹೋಗುತ್ತದೆ. ಹಾಗಾದಾಗ ನನ್ನ ಮತ ಕೊಟ್ಟಿಗೆಯವನ ಕಡೆಗೆ. ಕಾರ್ಖಾನೆ ಮಾಡಿದ ಮಾದರಿಗೆ ಕಾರ್ಖಾನೆಯ ನಕ್ಷೆಗಳಿವೆ, ಒಂದೇ ಅಚ್ಚಿನ ಸಾವಿರ ಸೋದರರಿದ್ದಾರೆ. ೧೯೫೩ರ ಚಳಿಗಾಲದಲ್ಲಿ ಯಾವನೋ ಗುಮಾಸ್ತ ಮೇಣದ ಬತ್ತಿಯ ಬೆಳಕಿನಲ್ಲಿ ಬಡಿದ ತಗಡಿಗೆ ಎರಡನೆಯ ಪ್ರತಿಯಿಲ್ಲ.

ಇಸಿಗೋನಿಸ್ ಮತ್ತು ಡೌಸನ್ ಕಟ್ಟಿದ ಗಾಡಿ ಉಳಿದು ಬಂದಿದೆ. ಮೆಕ್‌ಲಾರೆನ್ನನ ಅಲ್ಸ್ಟರನ್ನು ಅವನ ಹೆಸರಿನ ಕಂಪೆನಿ ಇಂಗ್ಲೆಂಡಿನ ವೋಕಿಂಗಿನ ತನ್ನ ಕೇಂದ್ರದಲ್ಲಿ ಗೌರವದಿಂದ ಇರಿಸಿಕೊಂಡಿತು. ಚಾಪ್‌ಮನ್ನನ ಮೊದಲ ಲೋಟಸ್ ಮಾತ್ರ ೧೯೫೦ರಲ್ಲಿ ಮಾರಾಟವಾಯಿತು. ಲೋಟಸ್ ಅಭಿಮಾನಿಗಳು ಎಷ್ಟು ಹುಡುಕಿದರೂ ಆಮೇಲೆ ಅದರ ಸುಳಿವಿಲ್ಲ. ಗುಜರಿಗೆ ಹೋಗಿರಬಹುದು. ಯಾವುದೋ ಹುಲ್ಲಿನ ಮನೆಯಲ್ಲಿ ಗೋಣಿಯ ಕೆಳಗೆ ಇರಬಹುದು. ಅಥವಾ ಅಚ್ಚುಕಟ್ಟಿನ ಯಾರೋ ಒಬ್ಬರು ಪ್ಲೈವುಡ್ಡಿನ ಆ ಒರಟು ಮೈಯನ್ನು ಕಿತ್ತೆಸೆದು, ಅದನ್ನು ಮತ್ತೆ ಲಕ್ಷಣವಾದ ಆಸ್ಟಿನ್ ಸೆವೆನ್ನನ್ನಾಗಿ ಮಾಡಿಟ್ಟಿರಲೂಬಹುದು.